ಮಕ್ಕಳ ಫೋನ್ ಕಿತ್ತುಕೊಳ್ಳುವ ಮುನ್ನ

ಒಂಬತ್ತನೇ ಕ್ಲಾಸಿನ ಹುಡುಗ ಸ್ಕೂಲ್ ವ್ಯಾನಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ. ಪಕ್ಕದವನು ಫೋಟೊ ಹೊಡೆದು ವಾಟ್ಸಾಪ್ ಸ್ಟಿಕ್ಕರ್ ಮಾಡಿದ. ಮೊದಲ ದಿನ ಆ ಹುಡುಗನೂ ನಕ್ಕ. ಅಲ್ಲಿಯವರೆಗೆ ಅದು ಕಾಲೆಳೆಯುವುದು. ಮೂರನೇ ವಾರದಲ್ಲೂ ಅವನು ಗ್ರೂಪಿನಲ್ಲಿ ಹೋಂವರ್ಕ್ ಕೇಳಿದರೆ ಉತ್ತರದ ಬದಲು ಅದೇ ಸ್ಟಿಕ್ಕರ್ ಹತ್ತು ಸಲ ಬೀಳುತ್ತದೆ. ‘ನಿಲ್ಸ್ರೋ’ ಅಂದರೆ ಇನ್ನೂ ಹತ್ತು. ಇದು ಕಿರುಕುಳ. ಬೇಡ ಅಂದ ಮೇಲೂ ನಡೆಯುತ್ತಿದೆಯೇ, ಒಬ್ಬನ ಮೇಲೆ ಹಲವರು ಬಿದ್ದಿದ್ದಾರೆಯೇ, ಮನೆಗೆ ಬಂದ ಮೇಲೂ ಬಿಡುತ್ತಿಲ್ಲವೇ, ಇಷ್ಟು ನೋಡಿದರೆ ಸಾಕು. ಕಳಿಸಿದವರು ‘ತಮಾಷೆಗೆ’ ಅಂದರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ.

ಪ್ರೀತಿಯ ಹೆಸರಿನಲ್ಲಿ ನಡೆಯುವುದನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ಅನುಭವಿಸುವವರೇ ಅದಕ್ಕೆ ‘ಪೊಸೆಸಿವ್’ ಅಂತ ಹೆಸರಿಟ್ಟಿರುತ್ತಾರೆ. ಟ್ಯೂಷನ್ ಮುಗಿಸಿ ಬನಶಂಕರಿಯಲ್ಲಿ ಬಸ್ ಹತ್ತಿದ ಹುಡುಗಿ ಸೀಟಿನಿಂದ ಫೋಟೊ ಕಳಿಸಬೇಕು, ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಅದರಲ್ಲಿ ಕಾಣಬೇಕು. ಲೈವ್ ಲೊಕೇಶನ್ 8 ಗಂಟೆಗೆ ಇಟ್ಟಿರಬೇಕು, ವಾಟ್ಸಾಪಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇಡಲು ಬರುವುದಿಲ್ಲ, ಅದೊಂದೇ ಪುಣ್ಯ. ಪಾಸ್‌ವರ್ಡ್ ಕೊಡದಿದ್ದರೆ ಮುನಿಸು, ಬಿಡುತ್ತೇನೆ ಅಂದರೆ ‘ಕೈ ಕುಯ್ಕೋತೀನಿ’, ಕೊನೆಗೆ ‘ಆ ಫೋಟೊ ನಿಮ್ಮಪ್ಪಂಗೆ ಕಳಿಸ್ತೀನಿ’. ಹುಡುಗರಿಗೂ ಹೀಗಾಗುತ್ತದೆ. ಅವರು ನಾಚಿಕೆಗೆ ಬಾಯಿ ಬಿಡುವುದು ಇನ್ನೂ ಕಡಿಮೆ.

ವಿಷಯ ಗೊತ್ತಾದ ಕೂಡಲೇ ಹೆತ್ತವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ಫೋನ್ ಕಿತ್ತುಕೊಳ್ಳುತ್ತಾರೆ, ಆ ಕಡೆಯ ಹುಡುಗನ ಮನೆಗೆ ಫೋನ್ ಮಾಡಿ ಕೂಗಾಡುತ್ತಾರೆ. ಮೊದಲನೆಯದರಿಂದ ಮಗು ಮುಂದೆ ಏನೂ ಹೇಳುವುದಿಲ್ಲ. ಎರಡನೆಯದರಿಂದ ಆ ಕಡೆ ಚಾಟ್, ಅಕೌಂಟ್ ಎಲ್ಲ ಅರ್ಧ ಗಂಟೆಯಲ್ಲಿ ಮಾಯ. ‘ಯಾಕೆ ಫೋಟೊ ಕಳಿಸ್ದೆ?’ ಎಂಬ ಪ್ರಶ್ನೆಯನ್ನೂ ಅವತ್ತು ಕೇಳಬೇಡಿ. ಮಗುವಿನ ಜೊತೆ ಕೂತು, ಅವರ ಕೈಯಲ್ಲೇ ಫೋನ್ ಇಟ್ಟು, ಸಾಕ್ಷ್ಯ ಸೇರಿಸಿ.

ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಸಮಯ ಕಾಣಬೇಕು. ಇನ್‌ಸ್ಟಾಗ್ರಾಂನಲ್ಲಿ ಮೇಲೆ ಕಾಣುವ ಹೆಸರಷ್ಟೇ ಸಾಲದು. ಯೂಸರ್‌ನೇಮ್ ತೆಗೆದುಕೊಳ್ಳಿ, ಪ್ರೊಫೈಲ್ ಲಿಂಕ್ ಕಾಪಿ ಮಾಡಿಡಿ. ಕನ್ಫೆಷನ್ ಪೇಜ್ (ಹೆಸರು ಹೇಳದೆ ಬೇರೆಯವರ ಬಗ್ಗೆ ಬರೆದು ಹಾಕುವ ಪುಟ) ನಡೆಸುವವರು ಹೆಸರು ಬದಲಿಸುತ್ತಲೇ ಇರುತ್ತಾರೆ. ವಾಟ್ಸಾಪಿನಲ್ಲಿ ಆಗುವ ಎಡವಟ್ಟು ಬೇರೆ: ನಂಬರ್ ‘ಚಿನ್ನು’ ಅಂತ ಸೇವ್ ಆಗಿದ್ದರೆ ಸ್ಕ್ರೀನ್‌ಶಾಟ್‌ನಲ್ಲೂ, ಎಕ್ಸ್‌ಪೋರ್ಟ್ ಮಾಡಿದ, ಅಂದರೆ ಫೈಲಾಗಿ ಹೊರತೆಗೆದ, ಚಾಟ್‌ನಲ್ಲೂ ‘ಚಿನ್ನು’ ಎಂದೇ ಇರುತ್ತದೆ, ನಂಬರ್ ಎಲ್ಲೂ ಇರುವುದಿಲ್ಲ. ಕಾಂಟ್ಯಾಕ್ಟ್ ಪುಟ ತೆರೆದು ನಂಬರ್ ಕಾಣುವ ಹಾಗೆ ಒಂದು ಚಿತ್ರ ಬೇಕು. ರಿಪೋರ್ಟ್, ಬ್ಲಾಕ್ ಒತ್ತುವುದು ಚಾಟ್ ಎಕ್ಸ್‌ಪೋರ್ಟ್ ಆದ ಮೇಲೆಯೇ, ಆ ಹೊತ್ತಿನಲ್ಲಿ ಚಾಟ್ ಕೂಡ ಅಳಿಸಿಹೋಗಬಹುದು. ಒಮ್ಮೆ ಮಾತ್ರ ತೆರೆಯುವ ‘ವ್ಯೂ ಒನ್ಸ್’ ಫೋಟೊಗೆ ಸ್ಕ್ರೀನ್‌ಶಾಟ್ ಬರುವುದಿಲ್ಲ, ಇನ್ನೊಂದು ಫೋನಿನಿಂದ ತೆಗೆಯಬೇಕು.

ಇದಕ್ಕೊಂದು ಅಪವಾದ ಇದೆ. ಚಿತ್ರ 18 ತುಂಬದವರ ನಗ್ನ ಚಿತ್ರವಾಗಿದ್ದರೆ ಅದನ್ನು ನಕಲು ಮಾಡಬೇಡಿ, ‘ನೋಡಿ ಸರ್’ ಅಂತ ಹೆಡ್‌ಮಾಸ್ಟರಿಗೂ ಫಾರ್ವರ್ಡ್ ಮಾಡಬೇಡಿ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಂ ಪ್ರಕಾರ ಹಂಚುವುದೇ ಅಪರಾಧ. ಬಂದ ಫೋನಿನಲ್ಲೇ ಹಾಗೇ ಬಿಟ್ಟು ಪೊಲೀಸರಿಗೆ ಫೋನನ್ನೇ ತೋರಿಸಿ.

ಆಮೇಲೆ ಬಾಗಿಲು ಹಾಕುವ ಕೆಲಸ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ನೋಡಿ. ಕ್ಯಾಂಟೀನಿನಲ್ಲಿ ಅರ್ಧ ನಿಮಿಷ ಫೋನ್ ಕೈಗೆ ಸಿಕ್ಕಿದ್ದರೂ ಸಾಕು, ಅವನ ಲ್ಯಾಪ್‌ಟಾಪಿನಲ್ಲಿ ಇವಳ ಚಾಟೆಲ್ಲ ತೆರೆದಿರುತ್ತದೆ. ಇನ್‌ಸ್ಟಾಗ್ರಾಂ, ಜಿಮೇಲ್‌ಗಳಲ್ಲೂ ಎಲ್ಲೆಲ್ಲಿ ಲಾಗಿನ್ ಆಗಿದೆ ನೋಡಿ ಹೊರಹಾಕಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಬ್ಲಾಕ್ ಮಾಡುವುದು ಕೊನೆಗೆ. ಜೊತೆಗಿದ್ದವನನ್ನು ಹಠಾತ್ತನೆ ಬ್ಲಾಕ್ ಮಾಡಿದರೆ ಮಾರನೇ ದಿನ ಕಾಲೇಜ್ ಗೇಟಿನಲ್ಲಿ ಬಂದು ನಿಲ್ಲುವ ಸಾಧ್ಯತೆ ಹೆಚ್ಚು. ಆ ಒಂದೆರಡು ವಾರ ಯಾರ ಜೊತೆ ಹೋಗಿ ಬರುವುದು ಅಂತ ಮೊದಲೇ ನಿಗದಿ ಮಾಡಿಕೊಳ್ಳಿ.

ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ ದುಡ್ಡೂ ಬೇಡ, ‘ಇದೊಂದೇ ಕೊನೆ’ ಎನ್ನುವ ಇನ್ನೊಂದು ಫೋಟೊವೂ ಬೇಡ. ಕೊಟ್ಟಷ್ಟೂ ಕೇಳುತ್ತಾರೆ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. 18ರೊಳಗಿನವರ ನಗ್ನ ಚಿತ್ರಗಳನ್ನು ಜಾಲತಾಣಗಳಿಂದ ತೆಗೆಸಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದು ಚಿತ್ರದ ಡಿಜಿಟಲ್ ಬೆರಳಚ್ಚನ್ನು (ಚಿತ್ರವನ್ನು ಗುರುತಿಸುವ ಸಂಕೇತ) ಮಾತ್ರ ಕಳಿಸುತ್ತದೆ, ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳು ಇದರಲ್ಲಿ ಸೇರಿವೆ.

ಶಾಲೆಗೆ ದೂರನ್ನು ಬರೆದೇ ಕೊಡಿ, ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಇಬ್ಬರನ್ನೂ ಎದುರುಬದುರು ಕೂರಿಸಿ ‘ಸಾರಿ ಹೇಳಪ್ಪ’ ಅನ್ನಿಸುವ ಕಾಂಪ್ರಮೈಸ್‌ಗೆ ಒಪ್ಪಬೇಡಿ, ಅದಾದ ಸಂಜೆಯೇ ಗ್ರೂಪಿನಲ್ಲಿ ‘ಚಾಡಿಕೋರ’ ಸ್ಟಿಕ್ಕರ್ ಹುಟ್ಟುತ್ತದೆ. ಲೈಂಗಿಕ ಕಿರುಕುಳವಾಗಿದ್ದರೆ ಮುಚ್ಚಿಡುವ ಅವಕಾಶ ಶಾಲೆಗಿಲ್ಲ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಹಾಗಾಗಿ ‘ಯಾರಿಗೂ ಹೇಳಲ್ಲ’ ಅಂತ ಟೀಚರಾಗಲೀ ಕೌನ್ಸೆಲರ್ ಆಗಲೀ ಮಗುವಿಗೆ ಮಾತು ಕೊಡಬಾರದು.

ದೂರನ್ನು ನಿಮ್ಮ ವಿಭಾಗದ ಸೈಬರ್ ಕ್ರೈಮ್ ಠಾಣೆಗೆ (ಸೆನ್ ಠಾಣೆ ಅಂತಲೂ ಕರೆಯುತ್ತಾರೆ) ಅಥವಾ ಹತ್ತಿರದ ಯಾವುದೇ ಠಾಣೆಗೆ ಕೊಡಬಹುದು. ‘ನಮ್ಮ ವ್ಯಾಪ್ತಿ ಅಲ್ಲ’ ಅಂದರೆ ವ್ಯಾಪ್ತಿ ಯಾವುದಿದ್ದರೂ ದಾಖಲಿಸಿಕೊಳ್ಳಬೇಕಾದ ಝೀರೊ ಎಫ್‌ಐಆರ್ ಕೇಳಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಹಾಕಬಹುದು. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರ ಹಾಕದ ಅಧಿಕಾರಿ ಪಡೆಯಬೇಕು. ಮಗುವನ್ನು ಠಾಣೆಗೆ ಕರೆದೊಯ್ದು ಗಂಟೆಗಟ್ಟಲೆ ಬೆಂಚಿನ ಮೇಲೆ ಕಾಯಿಸಬೇಕಿಲ್ಲ. ಕಿರುಕುಳ ಕೊಟ್ಟವನಿಗೂ 18 ತುಂಬಿಲ್ಲದಿದ್ದರೆ ಅವನ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ‘ಪಾಪ, ಅವನ ಭವಿಷ್ಯ ಹಾಳಾಗುತ್ತೆ’ ಅಂತ ಹಿಂಜರಿಯುವವರು ಇದನ್ನು ತಿಳಿದಿರಲಿ.

ಮಕ್ಕಳೇ ಸೀದಾ ಕರೆ ಮಾಡಲು ಮಕ್ಕಳ ಸಹಾಯವಾಣಿ 1098 ಇದೆ. ಅಪಾಯ ಎದುರಿಗೇ ಇದ್ದರೆ 112. ಮಗು ಊಟ ಬಿಟ್ಟು, ‘ನಾನಿಲ್ದಿದ್ರೇ ಒಳ್ಳೇದು’ ಎಂಬ ಮಾತು ಆಡಿದರೆ ಆ ರಾತ್ರಿ ಒಂಟಿಯಾಗಿ ಮಲಗಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಳಗಾದ ಮೇಲೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಮಕ್ಕಳಿಗಾಗಿಯೇ ಅಲ್ಲಿ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ.