ನೆಗೆಟಿವ್‌ಗೆ ಮೊದಲು ನಂಬರು, ಆಮೇಲೆ ಹೆಸರು

ಫಿಲ್ಮ್ ರೋಲುಗಳು ಐವತ್ತು ದಾಟಿದವೆಂದರೆ ನೆಗೆಟಿವ್‌ಗಳ ವಿಷಯವಾರು ಜೋಡಣೆ ಕೈಕೊಡುತ್ತದೆ. ಒಂದೇ ರೋಲಿನಲ್ಲಿ ಮಾಟುಂಗಾದ ಯಕ್ಷಗಾನ, ಡೊಂಬಿವಲಿಯ ನಾಮಕರಣ, ಫಿಲ್ಮ್ ಮುಗಿಸಲೆಂದೇ ಹೊಡೆದ ಲೋಕಲ್ ಟ್ರೇನು. ಯಾವ ಫೈಲಿಗೆ ಸೇರಿಸುವುದು? ವಿಷಯಕ್ಕೆ ತಕ್ಕಂತೆ ಒಡೆಯದೆ ಇಡೀ ರೋಲಿಗೆ ಒಂದು ಕ್ರಮಸಂಖ್ಯೆ ಕೊಡಿ: 0001, 0002. ಸಂಖ್ಯೆಯೊಳಗೆ ತಾರೀಖು ತುರುಕಬೇಡಿ. ನಾಳೆ ಊರಿನ ಅಟ್ಟದಲ್ಲಿ 1987ರ ರೋಲು ಸಿಕ್ಕರೆ ಅದಕ್ಕೂ ಮುಂದಿನ ಖಾಲಿ ಸಂಖ್ಯೆಯೇ. ಇಸವಿ, ಜಾಗ, ಜನ, ಕ್ಯಾಮೆರಾ ಎಲ್ಲವೂ ರಿಜಿಸ್ಟರಿಗೆ. ರೋಲು ಕಳೆದುಹೋದರೂ ಅದರ ಸಂಖ್ಯೆ ಇನ್ನೊಂದಕ್ಕೆ ಹೋಗಬಾರದು.

ಫ್ರೇಮಿಗೆ ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿರುವ ನಂಬರೇ ಸಾಕು: 0143-22, ಅಂದರೆ 143ನೇ ರೋಲಿನ 22ನೇ ಫ್ರೇಮು. ಸ್ಕ್ಯಾನ್ ಫೈಲಿಗೂ ಅದೇ ಹೆಸರು. ಬಲ್ಕ್ ಫಿಲ್ಮಿನ (ಉದ್ದ ಸುರುಳಿಯಿಂದ ಕತ್ತರಿಸಿ ತುಂಬಿಕೊಂಡದ್ದು) ಅಂಚುನಂಬರು 1ರಿಂದ ಶುರುವಾಗದೆ ಇರಬಹುದು. ಆಗ ನೀವೇ ಎಣಿಸಿ, ಹಾಗೆಂದು ಬರೆದಿಡಿ.

36ರ ರೋಲಿನಲ್ಲಿ ಎಷ್ಟೋ ಸಲ 37 ಅಥವಾ 38 ಫ್ರೇಮು ಬರುತ್ತವೆ. ಕತ್ತರಿಸಿದ ನೆಗೆಟಿವ್ ತುಂಡುಗಳನ್ನು ತೂರಿಸಿಡಲು ಆರು ಸಾಲಿನ ಹಾಳೆ ತಂದವರು ಸಿಕ್ಕಿಬೀಳುವುದು ಇಲ್ಲೇ. ಆರು ಫ್ರೇಮು ಹಿಡಿಯುವ ಏಳು ಸಾಲಿನ ಹಾಳೆ ತನ್ನಿ. ಒಂಟಿ ಫ್ರೇಮು ಮಾತ್ರ ಬಿಡಬೇಡಿ, ಸುರುಳಿಕೊಳ್ಳುತ್ತದೆ, ಸ್ಕ್ಯಾನರ್ ಹೋಲ್ಡರಿನಲ್ಲಿ ನಿಲ್ಲುವುದಿಲ್ಲ. 37 ಬಂದರೆ ಆರರ ಐದು ತುಂಡು, ಐದರದು ಒಂದು, ಎರಡರದು ಒಂದು.

ಹಾಳೆ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಆಗಿರಲಿ. ಪ್ಲಾಸ್ಟಿಕ್ ವಾಸನೆ ಹೊಡೆಯುವ ಮೆತ್ತನೆ ಪಿವಿಸಿ ಬೇಡ. ಗ್ಲಾಸೀನ್ ಎಂಬ ನುಣುಪಾದ ಅರೆಪಾರದರ್ಶಕ ಕಾಗದ ಒಣ ಊರಿಗೆ ಸರಿ. ಮುಂಬೈ ಮಳೆಗಾಲದಲ್ಲಿ ಎಮಲ್ಷನ್ನಿಗೇ (ಚಿತ್ರವಿರುವ ಜೆಲಾಟಿನ್ ಪದರಕ್ಕೇ) ಅಂಟಿಕೊಳ್ಳುತ್ತದೆ. ನೆಗೆಟಿವ್ ತೂರಿಸುವ ಮೊದಲೇ ಹಾಳೆಯ ಅಂಚಿನಲ್ಲಿ ಪಿಗ್ಮೆಂಟ್ ಇಂಕಿನ ಪೆನ್ನಿಂದ ಸಂಖ್ಯೆ ಬರೆದು ಒಣಗಲು ಬಿಡಿ. ತುಂಬಿದ ಹಾಳೆಯ ಮೇಲೆ ಬಾಲ್‌ಪೆನ್ ಒತ್ತಿದರೆ ಗೆರೆ ಫಿಲ್ಮಿಗೂ ಇಳಿಯುತ್ತದೆ.

ಇನ್ನು ತೇವ, ಈ ಊರಿನ ನಿಜವಾದ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಎಷ್ಟೋ ದಿನ 80% ಮೀರುತ್ತದೆ. 60% ದಾಟಿ ನಿಂತರೆ ಬೂಷ್ಟಿಗೆ ಹಬ್ಬ. ಮಳೆ ಹೊಡೆಯುವ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಬೈಂಡರ್ ಇಡಬೇಡಿ. ಒಳಗಿನ ತೇವ ಹಿಡಿತದಲ್ಲಿಡುವ ಡ್ರೈ ಕ್ಯಾಬಿನೆಟ್ ಇದ್ದರೆ 40–45%ಗೆ ನಿಲ್ಲಿಸಿ. ಇಲ್ಲದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವ ಅಳೆಯುವ ಸಣ್ಣ ಹೈಗ್ರೋಮೀಟರ್. ಕಿತ್ತಳೆ ಜೆಲ್ ತೇವ ಹೀರಿ ಹಸಿರಾಯಿತೆಂದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಆರಿದ ಮೇಲೆ ವಾಪಸ್ ಹಾಕಿ. ಬೂಷ್ಟು ಹಿಡಿದ ನೆಗೆಟಿವನ್ನು ನೀರಿನಲ್ಲಿ ತೊಳೆಯುವ ಸಾಹಸ ಬೇಡ: ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗಿ ಚಿತ್ರವೇ ಹೋಗುತ್ತದೆ.

ಮಳೆಗಾಲ ಮುಗಿದೊಡನೆ ಒಂದೊಂದೇ ಬೈಂಡರ್ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಬೇಸು (ತಳದ ಪ್ಲಾಸ್ಟಿಕ್) ಕೊಳೆಯುತ್ತಿದೆ. ಆ ಆವಿ ಪಕ್ಕದ ರೋಲನ್ನೂ ಕೆಡಿಸುತ್ತದೆ. ವಾಸನೆ ಬಂದ ರೋಲನ್ನು ತಕ್ಷಣ ಸ್ಕ್ಯಾನ್ ಮಾಡಿ ಬೇರೆ ಡಬ್ಬಕ್ಕೆ ಹಾಕಿ. ಸಂಖ್ಯೆ ಹಾಗೇ ಇರಲಿ, ರಿಜಿಸ್ಟರಿನಲ್ಲಿ ಹೊಸ ಜಾಗ ಬರೆದರಾಯಿತು.