ವಯಸ್ಕರ ಊಟದಲ್ಲಿ ವಿಟಮಿನ್ ಡಿ: ಲೆಕ್ಕ ಹಾಕಿದ ನನ್ನ ಅನುಭವ

"ರಿಪೋರ್ಟಿನಲ್ಲಿ ಡಿ ಕಡಿಮೆ ಬಂದಿದೆ ಮೇಡಂ, ಏನು ತಿನ್ನಬೇಕು ಹೇಳಿ." ಪಥ್ಯಾಹಾರ ಸಲಹೆ ಕೊಡುವ ನನಗೆ ಈ ಮಾತು ಕೇಳದ ವಾರವಿಲ್ಲ. ಮೊಟ್ಟೆ, ಮೀನು, ಹಾಲು, ಅಣಬೆ ಎಂದು ಬರೆದುಕೊಟ್ಟು ಕಳಿಸಬಹುದು. ನಾನು ಹಾಗೆ ಮಾಡುವುದಿಲ್ಲ. ಡಿ ವಿಷಯದಲ್ಲಿ ಪದಾರ್ಥದ ಹೆಸರಿಗಿಂತ ಅದರ ಪ್ರಮಾಣವೇ ಮುಖ್ಯ.

ಮೊದಲು ಅವರಿಂದಲೇ ಒಂದು ವಾರದ ಊಟ ಬರೆಸುತ್ತೇನೆ. ಪಕ್ಕದಲ್ಲಿ ಮೈಕ್ರೊಗ್ರಾಂ ಕಾಲಂ. ಗುರಿ, 2011ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿದ ಅಳತೆ: 70 ವರ್ಷದವರೆಗೆ ದಿನಕ್ಕೆ 15, ಅದು ದಾಟಿದವರಿಗೆ 20. ಬಿಸಿಲು ತೀರಾ ಕಡಿಮೆ ಸಿಗುತ್ತದೆ ಎಂದು ಇಟ್ಟುಕೊಂಡೇ ಮಾಡಿದ ಅಂಕಿ ಇದು. ಪೊಟ್ಟಣದ ಮೇಲೆ ಐಯು (ಇಂಟರ್‌ನ್ಯಾಷನಲ್ ಯೂನಿಟ್ ಎಂಬ ಇನ್ನೊಂದು ಅಳತೆ) ಎಂದಿದ್ದರೆ 40ರಿಂದ ಭಾಗಿಸಿದರೆ ಮೈಕ್ರೊಗ್ರಾಂ ಸಿಗುತ್ತದೆ.

ಕಾಲಂ ತುಂಬುತ್ತಾ ಹೋದಂತೆ ಎದುರಿಗೆ ಕೂತವರ ಮುಖ ಬದಲಾಗುತ್ತದೆ. ಅಕ್ಕಿ, ಗೋಧಿ, ಬೇಳೆ, ಸೊಪ್ಪು, ಹಣ್ಣು ಎಲ್ಲದರ ಮುಂದೆಯೂ ಸೊನ್ನೆ. ಒಂದು ಮೊಟ್ಟೆಗೆ ಸುಮಾರು 1, ಅದೂ ಪೂರ್ತಿ ಹಳದಿಯಲ್ಲೇ. ಕೊಲೆಸ್ಟ್ರಾಲ್ ಭಯಕ್ಕೆ ವರ್ಷಗಟ್ಟಲೆ ಬರೀ ಬಿಳಿ ಭಾಗ ತಿನ್ನುತ್ತಿದ್ದ ಹಿರಿಯರೊಬ್ಬರಿಗೆ ಮೊಟ್ಟೆಯಿಂದ ಡಿ ಬಂದೇ ಇರಲಿಲ್ಲ. ಹಾಲಿನ ಲೆಕ್ಕ ಲೇಬಲ್ ನೋಡದೆ ಆಗದು: ಡಿ ಬೆರೆಸಿದ ಹಾಲಾದರೆ ಒಂದು ದೊಡ್ಡ ಲೋಟಕ್ಕೆ 3ರವರೆಗೂ ಇರಬಹುದು, ಬೆರೆಸದ ಹಾಲಿನಲ್ಲಿ ಹೆಸರಿಗಷ್ಟೇ. ಸೋಯಾ, ಬಾದಾಮಿ ಹಾಲಿಗೂ ಇದೇ ಮಾತು.

ಅಂಕಿ ನಿಜಕ್ಕೂ ಏರುವುದು ಕೊಬ್ಬಿನ ಮೀನು ಬಂದಾಗ. ಬೇಯಿಸಿದ 85 ಗ್ರಾಂ ಸಾಲ್ಮನ್‌ನಲ್ಲಿ ಸುಮಾರು 14. ವಾರಕ್ಕೆ ಎರಡು ಸಲ ತಿಂದರೆ ದಿನಕ್ಕೆ 4 ಬಿದ್ದಂತೆ. ಡಿ ಕೊಬ್ಬಿನಲ್ಲಿ ಕರಗಿ ಮೈಯಲ್ಲಿ ಶೇಖರವಾಗುವ ವಿಟಮಿನ್ ಆದ್ದರಿಂದ ಹೀಗೆ ವಾರಕ್ಕೆ ಹಂಚಿ ನೋಡಬಹುದು. ಈಗ ದಿನಕ್ಕೆ ಎರಡು ಮೊಟ್ಟೆ, ಡಿ ಬೆರೆಸಿದ ಎರಡು ಲೋಟ ಹಾಲು ಸೇರಿಸಿ: 12. ಇಷ್ಟು ಚೆನ್ನಾಗಿ ತಿಂದೂ 15 ಮುಟ್ಟಲಿಲ್ಲ! ಮೀನು ಮೊಟ್ಟೆ ಮುಟ್ಟದವರ ಪಾಡು ಊಹಿಸಿಕೊಳ್ಳಿ.

ಅವರಿಗೆ ನಾನು ಹೇಳುವುದು ಅಣಬೆ. ಆದರೆ ಕತ್ತಲಲ್ಲಿ ಬೆಳೆದ ಅಣಬೆಯಲ್ಲಿ ಡಿ ತೀರಾ ಅತ್ಯಲ್ಪ. ಅದರಲ್ಲಿರುವ ಎರ್ಗೊಸ್ಟಿರಾಲ್ ಎಂಬ ವಸ್ತುವಿಗೆ ನೇರಳಾತೀತ ಕಿರಣ ತಾಗಿದಾಗಲೇ ಅದು ಡಿ2, ಅಂದರೆ ವಿಟಮಿನ್ ಡಿಯ ಒಂದು ರೂಪ, ಆಗುವುದು. ಅದಕ್ಕೇ ಹೆಚ್ಚಿದ ಅಣಬೆಯನ್ನು ಅಡುಗೆಗೆ ಮುಂಚೆ ನಡುಮಧ್ಯಾಹ್ನದ ಬಿಸಿಲಿಗೆ ಹರಡಿ ಎನ್ನುತ್ತೇನೆ. ಕಿಟಕಿ ಗಾಜಿನ ಒಳಗಿಟ್ಟರೆ ಕೆಲಸವಾಗದು, ಇದಕ್ಕೆ ಬೇಕಾದ ಯುವಿಬಿ ಎಂಬ ಬಗೆಯ ನೇರಳಾತೀತ ಕಿರಣವನ್ನು ಗಾಜು ತಡೆದುಬಿಡುತ್ತದೆ. ನಮ್ಮ ಚರ್ಮಕ್ಕೂ ಅಷ್ಟೇ: ಗಾಜಿನ ಹಿಂದೆ ಕೂತು ಕಾಯಿಸಿಕೊಂಡ ಬಿಸಿಲು ಡಿ ಕೊಡುವುದಿಲ್ಲ.

ಊಟದಿಂದ ತುಂಬದ ಭಾಗಕ್ಕೆ ಮಾತ್ರೆ ಬೇಕೋ ಬೇಡವೋ, ಬೇಕಾದರೆ ಎಷ್ಟು ಎನ್ನುವುದನ್ನು ರಕ್ತದ 25-ಹೈಡ್ರಾಕ್ಸಿ ವಿಟಮಿನ್ ಡಿ (ರಕ್ತಪರೀಕ್ಷೆಯಲ್ಲಿ ಅಳೆಯುವ ಡಿಯ ರೂಪ) ಅಂಕಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಬರೆದುಕೊಟ್ಟ ಮಾತ್ರೆಯನ್ನು ಬರೀ ಕಾಫಿಯ ಜೊತೆ ನುಂಗುವ ಬದಲು ಸ್ವಲ್ಪ ಎಣ್ಣೆ, ತುಪ್ಪವಿರುವ ಊಟದ ಜೊತೆ ತೆಗೆದುಕೊಳ್ಳಿ, ಮೈಗೆ ಚೆನ್ನಾಗಿ ಹಿಡಿಯುತ್ತದೆ. ಮೂರು ತಿಂಗಳಾಗುವ ಮೊದಲೇ ಮತ್ತೆ ರಕ್ತ ಕೊಟ್ಟು ಗಾಬರಿಯಾಗಬೇಡಿ, ಅಂಕಿ ನಿಧಾನವಾಗಿಯೇ ಏರುತ್ತದೆ.

ನನ್ನ ಹಾಳೆಯ ಕೊನೆಯ ಸಾಲು ಮಾತ್ರೆಗಳಿಗೆ. ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ತರಲು ಹೇಳುತ್ತೇನೆ. ಮಲ್ಟಿವಿಟಮಿನ್‌ನಲ್ಲಿ ಡಿ, ಕ್ಯಾಲ್ಸಿಯಂ ಮಾತ್ರೆಯಲ್ಲಿ ಡಿ, ಮೇಲೊಂದು ಪ್ರತ್ಯೇಕ ಡಿ, ಮೂರನ್ನೂ ಒಟ್ಟಿಗೆ ನುಂಗುವವರು ಬೇಕಾದಷ್ಟಿದ್ದಾರೆ. ವೈದ್ಯರ ಕಣ್ಗಾವಲಿಲ್ಲದೆ ದಿನಕ್ಕೆ 100 ಮೈಕ್ರೊಗ್ರಾಂ ಮೀರಕೂಡದು. ಮಿತಿಮೀರಿ ಬಹಳ ಕಾಲ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿ, ವಾಕರಿಕೆ, ಸುಸ್ತು ಶುರುವಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.