ಶಿಡ್ಲಫಡಿ ಗುಡ್ಡದ ಹಾದಿ: ತಪ್ಪುವುದು ಬರುವಾಗ

ಬಾದಾಮಿಯಿಂದ, ಇತಿಹಾಸಪೂರ್ವ ಚಿತ್ರಗಳಿರುವ ಶಿಡ್ಲಫಡಿ ಕಲ್ಲುಸೇತುವೆಗೆ ಸುಮಾರು 4 ಕಿ.ಮೀ. ಅರ್ಧ ದಿನದ ನಡಿಗೆ ಇದು, ಆದರೂ ನಾನು ಇಡೀ ಹಗಲು ಕೈಯಲ್ಲಿಟ್ಟುಕೊಂಡೇ ಹೊರಡುತ್ತೇನೆ. ಇಲ್ಲಿ ದಾರಿ ತಪ್ಪುವುದು ಹೆಚ್ಚಾಗಿ ವಾಪಸು ಬರುವಾಗ.

ಕಾರಣ ಕಾಲಡಿಯಲ್ಲೇ ಇದೆ. ಗುಡ್ಡದ ತಲೆಯ ಮೇಲೆಲ್ಲ ಮರಳುಗಲ್ಲಿನ ಹಾಸು, ಅದರ ಮೇಲೆ ಹೆಜ್ಜೆ ಮೂಡದು. ಹಾಸುಬಂಡೆ ಮುಗಿದಲ್ಲಿ ಕುರುಚಲು ಕಾಡು. ಅದರೊಳಗೆ ಕುರಿ, ಆಡು ತುಳಿದ ಹತ್ತಾರು ಜಾಡು. ನೋಡಲು ಎಲ್ಲ ಒಂದೇ ಥರ. ಎದೆಯೆತ್ತರದಲ್ಲಿ ಮುಳ್ಳುಕೊಂಬೆ ಮೇಲಿಂದ ಮೇಲೆ ಅಡ್ಡ ಬಂದರೆ ಅದು ಆಡಿನ ಜಾಡು ಎಂದುಕೊಂಡು ಹಿಂದಿರುಗುತ್ತೇನೆ. ಮಂದಿ ಓಡಾಡುವಲ್ಲಿ ಆ ಎತ್ತರದ ಕೊಂಬೆ ಮುರಿದು ಬಿದ್ದಿರುತ್ತವೆ.

ಪ್ರತಿ ಕವಲಿನಲ್ಲೂ ಹತ್ತು ಹೆಜ್ಜೆ ಮುಂದೆ ಹೋಗಿ, ಹಿಂದಕ್ಕೆ ತಿರುಗಿ ಫೋಟೊ ತೆಗೆಯಬೇಕು. ಬರುವಾಗ ಕಾಣುವ ನೋಟ ಅದೇ. ಕಾಡಿನಿಂದ ಬಂಡೆಗೆ ಹತ್ತಿದ ಜಾಗದ ಫೋಟೊ ಅಂತೂ ಬೇಕೇ ಬೇಕು, ಯಾಕೆಂದರೆ ಬಂಡೆಯ ಅಂಚಿನುದ್ದಕ್ಕೂ ಪೊದೆ ಒಂದೇ ಗೋಡೆಯಂತೆ ಕಾಣುತ್ತದೆ. ನಕಾಶೆಯನ್ನು ಊರಲ್ಲೇ ಮೊಬೈಲಿಗೆ ಇಳಿಸಿಕೊಂಡು, ನಡೆದ ಹಾದಿ ದಾಖಲಾಗುವಂತೆ ಹಚ್ಚಿಡುತ್ತೇನೆ. ಮೊದಲ ಸಲ ಹೋಗುವವರು ಊರಿನವರೊಬ್ಬರನ್ನು ಕರೆದುಕೊಂಡೇ ಹೋಗಲಿ. ಬಂಡೆಗೆ ಬಣ್ಣದ ಗುರುತು ಹಚ್ಚುವುದು ಮಾತ್ರ ಬೇಡವೇ ಬೇಡ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಳಿಗ್ಗೆ 6:30ಕ್ಕೆ ಹೊರಟರೆ ಕಲ್ಲು ಕಾಯುವ ಮೊದಲೇ ಮೇಲಿರಬಹುದು. ನೀರು ತಲೆಗೆ 3 ಲೀಟರ್. ಒಂದೂವರೆ ಲೀಟರ್ ಮುಗಿಯಿತೆಂದರೆ ಎಲ್ಲಿದ್ದರೂ ಹಿಂದಿರುಗುವುದೇ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು, ಆದರೆ ಚೀಲದ ಒಳಗೆ ಇರಲಿ. ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆ ಕಂಡರೆ ಊರಂಚಿನ ಮಂಗಗಳು ಕಸಿಯುತ್ತವೆ. ಅತ್ತರು, ಹೊಗೆ ಎರಡೂ ಬೇಡ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ.

ಇಳಿಜಾರಿನಲ್ಲಿ ಜಾರಿಸುವುದು ಬಂಡೆಯಿಂದ ಉದುರಿದ ಮರಳು. ಸಾಸಿವೆಯಂತೆ ಪಾದದಡಿ ಉರುಳುತ್ತದೆ. ಅಂಗಾಲು ಪೂರ್ತಿ ಊರಿ, ಗಿಡ್ಡ ಹೆಜ್ಜೆ ಇಡಬೇಕು. ಮಳೆ ಬಿದ್ದ ಮರುದಿನ ಪಾಚಿ ಹಿಡಿದ ಕರಿ ಪಟ್ಟಿಗಳ ಮೇಲೆ ಕಾಲಿಡಲೇಬಾರದು. ಅಲ್ಲಲ್ಲಿ ಕಲ್ಲಿನ ಮೇಲೆ ಅಲೆಯ ಗೆರೆಗಳಿವೆ. ನೀರು ಹಿಂದೊಮ್ಮೆ ಮರಳಿನ ಮೇಲೆ ಎಬ್ಬಿಸಿದ ಅಲೆಗಳೇ ಕಲ್ಲಾಗಿ ನಿಂತಿವೆ. ನಾನಂತೂ ಪ್ರತಿ ಸಲ ಅಲ್ಲಿ ಕೂರುತ್ತೇನೆ.

ಶಿಡ್ಲಫಡಿಯೆಂದರೆ ದೊಡ್ಡ ಬಂಡೆಗಳ ನಡುವಿನ ಸಹಜ ಕಲ್ಲುಸೇತುವೆ. ಮೇಲ್ಭಾಗದಲ್ಲಿ ಸಿಡಿಲು ಬಡಿದು ಬಿದ್ದಂಥ ತೂತುಗಳು, ಅವುಗಳಿಂದ ಬೆಳಕು ಒಳಗಿಳಿಯುತ್ತದೆ. ಅಲ್ಲಿನ ಇತಿಹಾಸಪೂರ್ವ ಚಿತ್ರಗಳು ಮಾಸಿವೆ. ಸ್ಪಷ್ಟ ಕಾಣಲೆಂದು ನೀರು ಎರಚುವವರಿದ್ದಾರೆ. ನೀರು ಆರುವಾಗ ಕಲ್ಲಿನೊಳಗಿನ ಉಪ್ಪು ಮೇಲೆ ಬಂದು ಚಿತ್ರದ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದನ್ನು ತೆಗೆಯಲು ಹೋದರೆ ಬಣ್ಣವೂ ಏಳುತ್ತದೆ. ಮುಟ್ಟದೆ, ಫ್ಲಾಶ್ ಹಾಕದೆ, ಓರೆ ಬೆಳಕಿನಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಂಡಂತೆ ಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ.